ಸಾಕವ್ವ, ಗುಲಾಬಿ, ರುದ್ರಿ: ಹಾಸ್ಯನಟಿ ಉಮಾಶ್ರೀ

ಜೇವರ್ಗಿ ಅಂದರೆ ಕಂಪನಿ ನಾಟಕದ ಹುಚ್ಚಿದ್ದವರಿಗೆ ಮೊದಲು ನೆನಪಾಗುವುದು ‘ಕುಂಟ ಕೋಣ ಮೂಕ ಜಾಣ’. ರಾಜಣ್ಣ ಜೇವರ್ಗಿ ಬರೆದ ಈ ನಾಟಕವನ್ನು ಅವರ ವಿಶ್ವಭಾರತಿ ರಮ್ಯ ನಾಟಕ ಸಂಘ ಊರಿಂದೂರಿಗೆ ಹೊತ್ತುಕೊಂಡು ಹೋಯಿತು. ಜನ ಅದಕ್ಕೆ ಮುಗಿಬಿದ್ದದ್ದು ನಗಲಿಕ್ಕೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಜಾತ್ರೆ ಬಂತೆಂದರೆ ನಾಟಕವೂ ಬಂತು. ಕಂಪನಿ ಬರದಿದ್ದರೆ ಊರ ಹುಡುಗರೇ ಬಣ್ಣ ಹಚ್ಚುತ್ತಾರೆ. ಗಂಡು ಪಾತ್ರಗಳಿಗೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಸ್ತ್ರೀ ಪಾತ್ರಕ್ಕೆ ಮಾತ್ರ ಮುಂಗಡ ಕೊಟ್ಟು ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ಹಳೆಯ ರೂಢಿ.

ಹಾಗೆ ಬರುವವರ ಕೆಲಸ ನೋಡಬೇಕು. ಆಟದ ದಿನವೇ ಊರು ಮುಟ್ಟಿ, ಪೆಟ್ಟಿಗೆ ಮಾಸ್ತರರ ಹತ್ತಿರ ಕುಳಿತು ಹಾಡಿನ ಶ್ರುತಿ ಹೊಂದಿಸಿಕೊಂಡು, ಎದುರು ಪಾತ್ರದವರ ಮಾತು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು, ರಾತ್ರಿ ರಂಗಕ್ಕೆ ಇಳಿಯಬೇಕು. ಹಾಸ್ಯದ ಪಾತ್ರವಾದರೆ ಇನ್ನೂ ಕಷ್ಟ. ಎದುರಿನವ ಸಾಲು ಮರೆತರೆ ಅದನ್ನೇ ನಗೆಯಾಗಿ ತಿರುಗಿಸಬೇಕು. ಮುಂದಿನ ಸಾಲಿನಿಂದ ಕೂಗು ಬಂದರೆ ಅದಕ್ಕೆ ತಕ್ಕ ಉತ್ತರ ಕೊಟ್ಟು ಕಥೆಗೆ ಮರಳಬೇಕು. ಇಷ್ಟು ಬಲ್ಲವಳನ್ನು ನಾವು ‘ಕಾಮಿಡಿ ಪಾತ್ರದಾಕಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಕನ್ನಡ ಸಿನಿಮಾ ಕೂಡ ಬಹುಕಾಲ ಹಾಗೆಯೇ ಮಾಡಿತು. ಅದಕ್ಕೆ ಉಮಾಶ್ರೀ ಅವರಿಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಉಮಾಶ್ರೀ ಹುಟ್ಟಿದ್ದು 1957ರ ಮೇ 10ರಂದು, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಅವರ ನಟನೆಯ ಬೇರು ರಂಗಭೂಮಿಯಲ್ಲಿದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾಗಿ ನಿಂತವರು ಉಮಾಶ್ರೀ. ಸಾಕವ್ವ ಮುದುಕಿ, ಕಳೆದುಹೋದ ತನ್ನ ಹುಂಜಕ್ಕಾಗಿ ಕೇರಿಯೆಲ್ಲ ಅಲೆಯುವವಳು. ಸಾಹುಕಾರನಲ್ಲಿಂದ ಕದ್ದು ತಂದ ಕಡಲೆಕಾಯಿಯನ್ನು ಒಂದಿಡೀ ಮನೆ ರಾತ್ರಿ ಒಲೆ ಸುತ್ತ ಕುಳಿತು ತಿಂದು ಮುಗಿಸುವ ಆ ಕಥೆಯಲ್ಲಿ ನಗುವೂ ಹಸಿವೂ ಒಂದೇ ಕಡೆಯಿಂದ ಹುಟ್ಟುತ್ತವೆ. ಹುಂಜ ಕದ್ದವರಿಗೆ ಶಾಪ ಹಾಕುವ ಸಾಕವ್ವನ ಬಾಯಿಗೆ ನೋಡುಗರು ನಗುತ್ತಾರೆ. ಆ ಮನೆಯಲ್ಲಿ ಒಂದು ಹುಂಜದ ಬೆಲೆ ಎಷ್ಟೆಂದು ಹೊಳೆಯುತ್ತಲೇ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮುದುಕಿಯ ವಯಸ್ಸು ಇನ್ನೂ ಎಷ್ಟೋ ದೂರವಿದ್ದ ನಟಿ ಇದನ್ನು ಮಾಡಿ ತೋರಿಸಿದ್ದರು.

ಇತ್ತ ಸಿನಿಮಾ ಅವರನ್ನು ಕಂಡ ಬಗೆಯೇ ಬೇರೆ. 1984ರಲ್ಲಿ ಕಾಶೀನಾಥ್ ನಿರ್ದೇಶಿಸಿದ ‘ಅನುಭವ’ ಬಂತು. ಅದರ ಪದ್ಮಿ ಪಾತ್ರ ಉಮಾಶ್ರೀ ಅವರನ್ನು ಮನೆಮಾತಾಗಿಸಿತು, ಜೊತೆಗೇ ಒಂದು ಚೌಕಟ್ಟಿನೊಳಗೆ ಕೂಡಿಸಿತು. ಮುಂದಿನ ವರ್ಷಗಳಲ್ಲಿ ಅವರಿಗೆ ಸಾಲುಗಟ್ಟಿ ಬಂದದ್ದು ದ್ವಂದ್ವಾರ್ಥದ ಮಾತಿನ, ಬಾಯಿಬಡುಕಿಯ ಪಾತ್ರಗಳೇ. ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೋಡಿಯಾಗಿ ಬಂದು, ನಾಲ್ಕು ದೃಶ್ಯ ನಗಿಸಿ, ಕಥೆ ಗಂಭೀರವಾದ ಕೂಡಲೇ ಮರೆಯಾಗುವ ಪಾತ್ರಗಳು. ನಾಯಕಿಗೆ ಕಣ್ಣೀರು, ಹಾಸ್ಯನಟಿಗೆ ಪೋಲಿ ಮಾತು ಎಂದು ಮೊದಲೇ ಹಂಚಿಕೆಯಾಗಿತ್ತು. ಈ ಹಂಚಿಕೆ ಅನ್ಯಾಯದ್ದು. ಅಂಥ ಚಿತ್ರಗಳಲ್ಲೂ ಉಮಾಶ್ರೀ ಅವರ ಕಸುಬು ಕೆಟ್ಟಿರಲಿಲ್ಲ. ಮಾತಿನ ಕೊನೆಯ ಪದಕ್ಕೆ ಮುಂಚೆ ಕ್ಷಣ ತಡೆಯುವುದು, ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಜ್ಜಾಗುವುದು, ದನಿಯನ್ನು ಒಮ್ಮೆಲೇ ಮೇಲಕ್ಕೇರಿಸಿ ಅಷ್ಟೇ ಬೇಗ ಇಳಿಸುವುದು, ಇವೆಲ್ಲ ರಂಗದ ಮೇಲೆ ಪಳಗಿದ ಮೈಯ ಗುರುತುಗಳು.

ತೊಂಬತ್ತರ ದಶಕದಲ್ಲಿ ಚೌಕಟ್ಟು ಅಲ್ಲಲ್ಲಿ ಸಡಿಲವಾಯಿತು. ಕುಂ. ವೀರಭದ್ರಪ್ಪನವರ ಕಥೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ (1994) ಓದುವ ಹಂಬಲದ ದಲಿತ ಹುಡುಗನ ಕಥೆ. ಅದರಲ್ಲಿ ಉಮಾಶ್ರೀ ಅವರಿಗೆ ನಗಿಸುವ ಹೊಣೆಗಿಂತ ದೊಡ್ಡ ಹೊಣೆ ಸಿಕ್ಕಿತು. ಮರುವರ್ಷ ರವಿಚಂದ್ರನ್ ಅವರ ‘ಪುಟ್ನಂಜ’ದಲ್ಲಿ ಅವರು ಪುಟ್ಮಲ್ಲಿ ಎಂಬ ಅಜ್ಜಿಯಾದರು. ಆಗ ಅವರಿಗೆ 38 ವರ್ಷ. ವ್ಯಾಪಾರಿ ಚಿತ್ರವೊಂದರಲ್ಲಿ ಜನ ನಾಯಕನಷ್ಟೇ ಅಜ್ಜಿಯನ್ನೂ ನೆನಪಿಟ್ಟುಕೊಂಡದ್ದು ಸಣ್ಣ ಮಾತಲ್ಲ.

ಪೂರ್ತಿ ಪಾತ್ರ ಸಿಕ್ಕಿದ್ದು 2008ರಲ್ಲಿ, ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಚಿತ್ರದಲ್ಲಿ. ವೈದೇಹಿಯವರ ಕಥೆಯನ್ನು ಕಾಸರವಳ್ಳಿ ಕುಂದಾಪುರದ ಕಡೆಯ ಮೀನುಗಾರರ ನಡುವೆ, ಕಾರ್ಗಿಲ್ ಯುದ್ಧದ ದಿನಗಳಿಗೆ ತಂದಿಟ್ಟರು. ಗುಲಾಬಿ ಹೆರಿಗೆ ಮಾಡಿಸುವ ಮುಸ್ಲಿಂ ಹೆಂಗಸು. ಗಂಡ ಮೂಸಾ ಇನ್ನೊಂದು ಸಂಸಾರ ಹೂಡಿದ್ದಾನೆ. ಇವಳಿಗಿರುವ ಒಂದೇ ಹುಚ್ಚು ಸಿನಿಮಾ. ಹೆರಿಗೆಗೆ ಸಹಾಯ ಮಾಡಿದ್ದಕ್ಕೆ ಉಳ್ಳವರ ಮನೆಯಿಂದ ಅವಳಿಗೆ ಡಿಶ್ ಆಂಟೆನಾ ಸಮೇತ ಒಂದು ಟಿ.ವಿ. ಬರುತ್ತದೆ. ಅಲ್ಲಿಯವರೆಗೆ ಅವಳ ಹೊಸ್ತಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ.

ಈ ಭಾಗದಲ್ಲಿ ಉಮಾಶ್ರೀ ಅವರ ಮುಖವನ್ನು ಗಮನಿಸಬೇಕು. ಪರದೆಯ ಮುಂದೆ ಕುಳಿತ ಗುಲಾಬಿ ಚಿತ್ರವನ್ನು ಕಣ್ಣಿನಿಂದಷ್ಟೇ ನೋಡುವುದಿಲ್ಲ. ಬಾಯಿ, ಹುಬ್ಬು, ಭುಜ ಎಲ್ಲವೂ ಕಥೆಯ ಜೊತೆ ಓಡುತ್ತವೆ. ನೋಡುಗರಿಗೆ ನಗು ಬರುತ್ತದೆ, ಬರಲೇಬೇಕು. ಮುಂದೆ ಊರಿನಲ್ಲಿ ಮೀನಿನ ವ್ಯಾಪಾರದ ಪೈಪೋಟಿ ಕೋಮುದ್ವೇಷಕ್ಕೆ ತಿರುಗಿ, ಗುಲಾಬಿಯನ್ನು ಅವಳ ಮನೆಯಿಂದಲೇ ಎಬ್ಬಿಸಿದಾಗ ನಮಗೆ ನೋವಾಗುವುದು ಆ ನಗುವಿನಿಂದಲೇ. ಹಾಸ್ಯನಟಿ ಕೊನೆಗೂ ಹಾಸ್ಯ ಬಿಟ್ಟು ಗಂಭೀರ ನಟಿಯಾದರು ಎಂದು ಆಗ ಹಲವರು ಮೆಚ್ಚಿದರು. ಆ ಮೆಚ್ಚುಗೆ ಒಪ್ಪುವಂಥದ್ದಲ್ಲ. ಗುಲಾಬಿಯನ್ನು ಕಟ್ಟಿದ್ದು ಪದ್ಮಿ, ಪುಟ್ಮಲ್ಲಿಯರಲ್ಲಿ ಮಾಗಿದ ಅದೇ ಹಾಸ್ಯ. ಈ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ‘ಅನುಭವ’ದಿಂದ ಇಲ್ಲಿಗೆ 24 ವರ್ಷ.

ಬೇರೆ ದೇಶಗಳಲ್ಲೂ ಹಾಸ್ಯನಟಿಯರು ಇದೇ ದಾರಿ ತುಳಿದಿದ್ದಾರೆ. ಬ್ರಿಟನ್ನಿನ ‘ಕ್ಯಾರಿ ಆನ್’ ನಗೆಚಿತ್ರಗಳ ಸರಣಿಯಲ್ಲಿ ಜೋನ್ ಸಿಮ್ಸ್ 24 ಚಿತ್ರ ಮಾಡಿದರು. ಹ್ಯಾಟಿ ಜೇಕ್ಸ್ ಎಂದರೆ ಜನಕ್ಕೆ ಇಂದಿಗೂ ಆಸ್ಪತ್ರೆಯ ಗಡಸು ಮೇಟ್ರನ್. ಮಾರ್ಗರೆಟ್ ರುದರ್‌ಫರ್ಡ್ ‘ದಿ ವಿ.ಐ.ಪಿ.ಸ್’ (1963) ಚಿತ್ರಕ್ಕೆ ಪೋಷಕ ನಟಿ ಆಸ್ಕರ್ ಪಡೆದಾಗ ಎಪ್ಪತ್ತು ದಾಟಿದ್ದರು. ಪಕ್ಕದ ತಮಿಳಿನಲ್ಲಿ ಮನೋರಮಾ ನಾಟಕದಿಂದಲೇ ಬಂದು ಸಾವಿರಕ್ಕೂ ಮಿಕ್ಕಿ ಚಿತ್ರಗಳಲ್ಲಿ ನಟಿಸಿದರು.

ಉಮಾಶ್ರೀ 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಶಾಸಕಿಯಾಗಿ ಗೆದ್ದು, ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆಯಾದರು. 2021ರ ಕೊನೆಗೆ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಅವರನ್ನು ಮತ್ತೆ ಮನೆಮನೆಗೆ ತಂದಿತು: ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿ.

ಆದರೆ ಕಲ್ಯಾಣ ಕರ್ನಾಟಕದವರು ಹುಡುಕಿ ನೋಡಬೇಕಾದ ಚಿತ್ರ ‘ಕನಸೆಂಬೋ ಕುದುರೆಯನೇರಿ’. ಇದೂ ಕಾಸರವಳ್ಳಿಯವರದೇ. ಕಥೆ ರಾಯಚೂರು ಸೀಮೆಯ ಅಮರೇಶ ನುಗಡೋಣಿಯವರದು. ಕುಣಿ ತೋಡುವ ಈರ್ಯಾನಿಗೆ ಕನಸಿನಲ್ಲಿ ಸಿದ್ಧ ಕಂಡರೆ ಊರಲ್ಲಿ ಸಾವಾಗಿದೆ ಎಂದೇ ಅರ್ಥ. ಒಮ್ಮೆ ಕನಸು ಬೀಳುತ್ತದೆ. ಗೌಡರ ಮನೆಯವರು ಮಾತ್ರ ಯಾರೂ ಸತ್ತಿಲ್ಲ ಎನ್ನುತ್ತಾರೆ. ಆ ಮನೆಯೊಳಗೆ ಸಾವನ್ನು ಮುಚ್ಚಿಟ್ಟಿರುತ್ತಾರೆ. ಈರ್ಯಾನ ಹೆಂಡತಿ ರುದ್ರಿಯಾಗಿ ಉಮಾಶ್ರೀ ಬರುತ್ತಾರೆ. ತುಮಕೂರಿನ ನಟಿಯ ಬಾಯಲ್ಲಿ ಗುಲಾಬಿಗಾಗಿ ಕರಾವಳಿಯ ಮಾತು ಕುಳಿತಿತ್ತು. ರುದ್ರಿಗಾಗಿ ನಮ್ಮ ಕಡೆಯ ಮಾತು ಬಂತು. ಈರ್ಯಾ ಆದವರು ವೈಜನಾಥ ಬಿರಾದಾರ, ಬೀದರ ಜಿಲ್ಲೆಯವರು. ಅವರೂ ಭಿಕ್ಷುಕ, ಕುಡುಕನ ಸಣ್ಣಪುಟ್ಟ ನಗೆಪಾತ್ರಗಳಲ್ಲೇ ವರ್ಷಗಟ್ಟಲೆ ದುಡಿದವರು. ನಗಿಸುವವರೆಂದು ಪಕ್ಕಕ್ಕೆ ಕೂರಿಸಿದ್ದ ಈ ಇಬ್ಬರನ್ನು ನಡುವೆ ನಿಲ್ಲಿಸಿಕೊಂಡು ಮಾಡಿದ ಚಿತ್ರಕ್ಕೆ 2009ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಸಂದಿತು. ಬಿರಾದಾರರಿಗೆ ಸ್ಪೇನಿನ ‘ಇಮ್ಯಾಜಿನ್ ಇಂಡಿಯಾ’ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು.