ವಿದ್ಯುತ್ ಕಾರು ಮತ್ತು ದೂರದ ದಾರಿ

ಕಾರೊಂದನ್ನು ಕೊಳ್ಳುವುದು ನಮ್ಮ ನಾಡಿನ ಸಾಮಾನ್ಯ ಕುಟುಂಬಕ್ಕೆ ಸಣ್ಣ ಮಾತಲ್ಲ. ಅನೇಕ ವರ್ಷಗಳ ಉಳಿತಾಯ ಅದಕ್ಕೆ ವೆಚ್ಚವಾಗುತ್ತದೆ. ಕೆಲವೊಮ್ಮೆ ಸಾಲವನ್ನೂ ಮಾಡಬೇಕಾಗುತ್ತದೆ. ಹೀಗೆ ಕೊಂಡ ಒಂದೇ ಕಾರು ದಿನವೂ ಕಚೇರಿಗೆ ಹೋಗಿಬರಬೇಕು. ಹಬ್ಬಹರಿದಿನಗಳಲ್ಲಿ ಎಲ್ಲರನ್ನೂ ಊರಿಗೆ ಕರೆದೊಯ್ಯಬೇಕು. ಊರಿನಲ್ಲಿರುವ ಹಿರಿಯರಿಗೆ ಕಾಯಿಲೆಯೆಂಬ ಸುದ್ದಿ ನಡುರಾತ್ರಿಯಲ್ಲಿ ಬಂದರೆ ಆ ಗಳಿಗೆಯಲ್ಲಿಯೇ ಹೊರಡಲು ಸಿದ್ಧವಾಗಿರಬೇಕು. ಆದುದರಿಂದ ವಿದ್ಯುತ್ ಕಾರಿನ ವಿಚಾರ ಬಂದಾಗಲೆಲ್ಲ ಮನೆಯ ಹಿರಿಯರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: “ಪೇಟೆಯ ಓಡಾಟಕ್ಕೇನೋ ಸರಿ, ದೂರದ ಪ್ರಯಾಣಕ್ಕೆ ಇದು ಆದೀತೇ?” ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಕಾರು ತನ್ನ ಶಕ್ತಿಯನ್ನು ಎಲ್ಲಿ ಸಂಗ್ರಹಿಸುತ್ತದೆ, ಹೇಗೆ ವ್ಯಯಿಸುತ್ತದೆ, ಮತ್ತೆ ಹೇಗೆ ತುಂಬಿಕೊಳ್ಳುತ್ತದೆ ಎಂಬುದನ್ನು ಅರಿತರೆ ಉತ್ತರ ತಾನಾಗಿಯೇ ಸ್ಪಷ್ಟವಾಗುತ್ತದೆ.

ವಿದ್ಯುತ್ ಕಾರು ಇಂದಿನ ಹೊಸ ಸೃಷ್ಟಿಯೇನೂ ಅಲ್ಲ. 1899ರಲ್ಲಿ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಜಿ ಎಂಬಾತನು ಪ್ಯಾರಿಸ್ ಬಳಿ ಗಂಟೆಗೆ ನೂರು ಕಿಲೋಮೀಟರನ್ನು ಮೀರಿದ ವೇಗದಲ್ಲಿ ಕಾರು ಓಡಿಸಿದನು. ರಸ್ತೆಯ ವಾಹನವೊಂದು ಈ ವೇಗವನ್ನು ದಾಟಿದ್ದು ಅದೇ ಮೊದಲು. ಅದು ವಿದ್ಯುತ್ತಿನಿಂದ ಓಡಿದ ವಾಹನವಾಗಿತ್ತು. ಆದರೆ ಅಂದಿನ ಸೀಸದ ಬ್ಯಾಟರಿಗಳು ಬಹಳ ಭಾರವಾಗಿದ್ದು, ಅವುಗಳಲ್ಲಿ ಹಿಡಿಯುತ್ತಿದ್ದ ಶಕ್ತಿ ಬಹು ಅಲ್ಪವಾಗಿತ್ತು. ವೇಗವಿತ್ತು, ದೂರವಿರಲಿಲ್ಲ.

ಪೆಟ್ರೋಲ್ ಕಾರಿಗಾದರೂ ಆರಂಭದಲ್ಲಿ ದೂರದ ದಾರಿ ಸುಲಭವಾಗಿತ್ತೇ? 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಮಹಿಳೆ, ತಮ್ಮ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಗಾಲಿಯ ಕಾರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮ್ ನಗರಕ್ಕೆ ಹೊರಟರು. ದಾರಿಯ ದೂರ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಆಗ ಪೆಟ್ರೋಲ್ ಬಂಕ್ ಎಂಬುದು ಎಲ್ಲಿಯೂ ಇರಲಿಲ್ಲ. ನಡುದಾರಿಯ ಊರೊಂದರ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನು ಕೊಂಡು ಅವರು ಕಾರಿಗೆ ಇಂಧನ ಒದಗಿಸಬೇಕಾಯಿತು. ಏರು ಬಂದ ಕಡೆ ಮಕ್ಕಳು ಕೆಳಗಿಳಿದು ಕಾರನ್ನು ತಳ್ಳಿದರು. ಈ ಪ್ರಯಾಣದಿಂದ ನಾವು ತಿಳಿಯಬೇಕಾದ ಸಂಗತಿ ಒಂದುಂಟು. ದೂರ ಸಾಗುವ ಸಾಮರ್ಥ್ಯದಲ್ಲಿ ಅರ್ಧ ಮಾತ್ರ ವಾಹನದಲ್ಲಿರುತ್ತದೆ. ಉಳಿದ ಅರ್ಧ ದಾರಿಯಲ್ಲಿರುತ್ತದೆ. ಮುಂದೆ ದಾರಿಯುದ್ದಕ್ಕೂ ಪೆಟ್ರೋಲ್ ಬಂಕುಗಳು ತಲೆಯೆತ್ತಿದುವು. 1912ರಲ್ಲಿ ಸ್ಟಾರ್ಟರ್ ಮೋಟಾರಿನ ಅಳವಡಿಕೆಯಿಂದ ಕೈಯಿಂದ ಎಂಜಿನನ್ನು ತಿರುಗಿಸುವ ಕಷ್ಟವೂ ತಪ್ಪಿತು. ವಿದ್ಯುತ್ ಕಾರು ಮೆಲ್ಲಮೆಲ್ಲನೆ ರಸ್ತೆಯಿಂದ ಮರೆಯಾಯಿತು.

ಹೀಗೆ ಮರೆಯಾದುದು ಮತ್ತೆ ಕಾಣಿಸಿಕೊಂಡ ಸ್ಥಳಗಳಲ್ಲಿ ನಮ್ಮ ಬೆಂಗಳೂರೂ ಒಂದು. 2001ರಲ್ಲಿ ಅಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ‘ರೇವಾ’ ಎಂಬ ಪುಟ್ಟ ಕಾರು ಸೀಸದ ಬ್ಯಾಟರಿಗಳಿಂದಲೇ ಓಡುತ್ತಿತ್ತು. ಒಮ್ಮೆ ಚಾರ್ಜ್ ಮಾಡಿದರೆ ಅದು ಸುಮಾರು 80 ಕಿಲೋಮೀಟರ್ ಸಾಗುತ್ತಿತ್ತು. ನಗರದೊಳಗಿನ ಓಡಾಟಕ್ಕೆ ಅದು ಸಾಕಾಗಿತ್ತು. ಮೈಸೂರಿಗೆ ಹೋಗಲು ಸಾಲದಾಗಿತ್ತು. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದ್ದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಹಗುರವಾದ ಬ್ಯಾಟರಿಯನ್ನು ಸಾಧ್ಯವಾಗಿಸಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಈಗ ಲೆಕ್ಕಕ್ಕೆ ಬರೋಣ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ನಾವು ಕಾಣುವ ‘ಯೂನಿಟ್’ ಎಂಬ ಅಳತೆಯನ್ನೇ ಇಲ್ಲಿಯೂ ಬಳಸಬಹುದು. 40 ಲೀಟರ್ ಪೆಟ್ರೋಲಿನಲ್ಲಿ ಸುಮಾರು 350 ಯೂನಿಟ್ ಶಕ್ತಿ ಅಡಗಿದೆ. ಅದರ ತೂಕವಾದರೋ 30 ಕಿಲೋಗ್ರಾಂ ಮಾತ್ರ. ಆದರೆ 40 ಯೂನಿಟ್ ಹಿಡಿಸುವ ಕಾರಿನ ಬ್ಯಾಟರಿ ಇನ್ನೂರೈವತ್ತು ಕಿಲೋಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಮೇಲುನೋಟಕ್ಕೆ ಇದು ಆನೆಗೂ ಆಡಿಗೂ ಇರುವ ಅಂತರ. ಆದರೆ ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಗೆ ತಲುಪುವುದು ಸುಮಾರು ಕಾಲು ಭಾಗ ಮಾತ್ರ. ಮಿಕ್ಕಿದ್ದು ಶಾಖವಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಕಾರಿನಲ್ಲಿಯಾದರೆ ಬ್ಯಾಟರಿಯ ಶಕ್ತಿಯ ಹತ್ತು ಪಾಲಿನಲ್ಲಿ ಎಂಟು ಪಾಲಿಗೂ ಹೆಚ್ಚು ಗಾಲಿಗೆ ಸೇರುತ್ತದೆ. ಆದುದರಿಂದ ನಿಜವಾದ ಅಂತರವು ಒಂಬತ್ತು ಪಟ್ಟಿನಿಂದ ಎರಡೂವರೆ ಪಟ್ಟಿಗೆ ಇಳಿಯುತ್ತದೆ.

ನಗರದ ರಸ್ತೆಯಲ್ಲಿ ವಿದ್ಯುತ್ ಕಾರಿನ ಗುಣ ಇನ್ನೂ ಎದ್ದು ಕಾಣುತ್ತದೆ. ವೃತ್ತಗಳಲ್ಲಿ ಕೆಂಪು ದೀಪ ಬಿದ್ದು ನಿಂತಾಗ ಪೆಟ್ರೋಲ್ ಎಂಜಿನು ಸುಮ್ಮನೆ ಉರಿಯುತ್ತಿರುತ್ತದೆ. ವಿದ್ಯುತ್ ಮೋಟಾರು ಸ್ತಬ್ಧವಾಗಿರುತ್ತದೆ. ಅಲ್ಲದೆ, ಚಾಲಕನು ವೇಗ ತಗ್ಗಿಸಿದಾಗ ಗಾಲಿಯ ಚಲನೆಯಿಂದ ಮೋಟಾರೇ ಡೈನಮೋವಿನಂತೆ ತಿರುಗಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಇಂತಹ ಕಾರು ನಗರದಲ್ಲಿ ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಓಡುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ 40 ಕಿಲೋಮೀಟರ್ ಓಡಾಡುವವರಿಗೆ ಆರು ಯೂನಿಟ್ ಸಾಕು. ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ತುಂಬಬಹುದಾದುದರಿಂದ, ರಾತ್ರಿ ಎರಡು ಗಂಟೆಯ ಕಾಲ ಚಾರ್ಜ್ ಮಾಡಿದರೆ ಮರುದಿನದ ಕೆಲಸ ನಡೆಯುತ್ತದೆ. ದಿನನಿತ್ಯದ ಓಡಾಟವೇ ಈ ವಾಹನದ ಸಹಜ ಕ್ಷೇತ್ರವೆಂಬುದರಲ್ಲಿ ಸಂದೇಹವಿಲ್ಲ.

ಹೆದ್ದಾರಿಯ ಸ್ಥಿತಿ ಬೇರೆ. ಅಲ್ಲಿ ವಾಹನದ ಮುಖ್ಯ ಎದುರಾಳಿ ಗಾಳಿ. ವೇಗವು ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಒಂದೇ ಸಮನೆ ಓಡುವಾಗ ಬ್ರೇಕಿನಿಂದ ಮರಳಿ ದೊರೆಯುವ ಶಕ್ತಿಯೂ ಇಲ್ಲವೆನ್ನುವಷ್ಟು ಅಲ್ಪ. ಹೀಗಾಗಿ ನಗರದಲ್ಲಿ 280 ಕಿಲೋಮೀಟರ್ ಓಡಬಲ್ಲ ಅದೇ ಕಾರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ 220 ಕಿಲೋಮೀಟರ್ ಮಾತ್ರ ಸಾಗೀತು. ಪೆಟ್ರೋಲ್ ಕಾರು ಪೇಟೆಗಿಂತ ಹೆದ್ದಾರಿಯಲ್ಲಿ ಹೆಚ್ಚು ಮೈಲೇಜು ಕೊಡುತ್ತದೆ. ವಿದ್ಯುತ್ ಕಾರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಈ ವ್ಯತ್ಯಾಸವನ್ನು ತಿಳಿಯದವರು ದಾರಿಯಲ್ಲಿ ಪೇಚಿಗೆ ಸಿಲುಕುತ್ತಾರೆ.

ಉದಾಹರಣೆಗೆ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಸುಮಾರು 350 ಕಿಲೋಮೀಟರ್ ದಾರಿಯನ್ನು ತೆಗೆದುಕೊಳ್ಳೋಣ. ಬ್ಯಾಟರಿಯನ್ನು ಪೂರ್ಣ ತುಂಬಿಕೊಂಡು ಬೆಳಗ್ಗೆ ಹೊರಟರೆ ಸುಮಾರು 185 ಕಿಲೋಮೀಟರ್ ದೂರದ ಹಾಸನವನ್ನು ನಿಲ್ಲದೆ ತಲುಪಬಹುದು. ಅಷ್ಟರಲ್ಲಿ ಬ್ಯಾಟರಿಯಲ್ಲಿ ಆರು ಯೂನಿಟ್ ಉಳಿದಿರುತ್ತದೆ. ಅಲ್ಲಿ ಶೀಘ್ರ ಚಾರ್ಜಿಂಗ್ ಕೇಂದ್ರವೊಂದರಲ್ಲಿ ಕಾರನ್ನು ನಿಲ್ಲಿಸಿ ತಿಂಡಿ ಮುಗಿಸಿಕೊಂಡು ಬರುವಷ್ಟರಲ್ಲಿ, ಅಂದರೆ ಮುಕ್ಕಾಲು ಗಂಟೆಯ ಅವಧಿಯಲ್ಲಿ, ಬ್ಯಾಟರಿ ನೂರಕ್ಕೆ ಎಂಬತ್ತರಷ್ಟು ತುಂಬಬಹುದು. ಪೂರ್ತಿ ತುಂಬಿಸಿಯೇ ಹೊರಡೋಣವೆಂದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಕೊಡ ಕಂಠದವರೆಗೆ ತುಂಬಿದ ಮೇಲೆ ನೀರು ಚೆಲ್ಲದಿರಲೆಂದು ನಲ್ಲಿಯನ್ನು ಸಣ್ಣಗೆ ಮಾಡುತ್ತೇವಲ್ಲವೇ? ಹಾಗೆಯೇ ಬ್ಯಾಟರಿಗೆ ಹಾನಿಯಾಗದಿರಲೆಂದು ಕೊನೆಯ ಭಾಗವನ್ನು ನಿಧಾನವಾಗಿ ತುಂಬಲಾಗುತ್ತದೆ.

ಹಾಸನದಿಂದ ಮುಂದೆ ಸಕಲೇಶಪುರ, ಅನಂತರ ಶಿರಾಡಿ ಘಾಟಿ. ಸಕಲೇಶಪುರವು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮಂಗಳೂರು ಕಡಲ ದಡದಲ್ಲಿದೆ. ಪ್ರಯಾಣಿಕರೂ ಸೇರಿ 1,600 ಕಿಲೋಗ್ರಾಂ ತೂಗುವ ಕಾರನ್ನು 900 ಮೀಟರ್ ಮೇಲಕ್ಕೆ ಏರಿಸಲು ಬೇಕಾಗುವ ಶಕ್ತಿಯನ್ನು ಭೌತಶಾಸ್ತ್ರದ ಸೂತ್ರದಿಂದ ನೀವೇ ಲೆಕ್ಕ ಹಾಕಬಹುದು. ಅದು ಸುಮಾರು ನಾಲ್ಕು ಯೂನಿಟ್. ಘಾಟಿ ಇಳಿಯುವಾಗ ಇದರ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಆದುದರಿಂದ ಹಾಸನದಲ್ಲಿ ತುಂಬಿದ 32 ಯೂನಿಟ್ ಮಂಗಳೂರಿನವರೆಗೆ ಸಾಕಾಗುತ್ತದೆ. ಹಿಂದಿರುಗುವಾಗಲಾದರೋ ನಾಲ್ಕು ಯೂನಿಟ್ಟಿಗೂ ಹೆಚ್ಚು ಅಧಿಕವಾಗಿ ಬೇಕು. 32 ಯೂನಿಟ್ಟಿನೊಡನೆ ಹೊರಟರೆ ಹಾಸನ ತಲುಪುವ ಮೊದಲೇ ಮತ್ತೊಮ್ಮೆ ನಿಲ್ಲಬೇಕಾದೀತು. ಅದೇ ಕಾರು, ಅದೇ ದಾರಿ. ಆದರೂ ಹೋಗುವ ಲೆಕ್ಕ ಬೇರೆ, ಬರುವ ಲೆಕ್ಕ ಬೇರೆ.

ಹೀಗೆ ಯೋಜಿಸಿ ಹೊರಟ ಪ್ರಯಾಣಕ್ಕೆ ವಿದ್ಯುತ್ ಕಾರು ತೊಡಕಾಗದು. ಇನ್ನು ನಡುರಾತ್ರಿಯ ಆ ಸುದ್ದಿಯ ಮಾತು. ದಿನವೂ ಎಂಬತ್ತರಷ್ಟೇ ತುಂಬಿಸುವ ರೂಢಿಯಿರುವ ಮನೆಯಲ್ಲಿ ಆ ಹೊತ್ತಿಗೆ ಬ್ಯಾಟರಿಯಲ್ಲಿ 32 ಯೂನಿಟ್ ಇದ್ದೀತು. ಹಾಸನವನ್ನು ಮುಟ್ಟುವ ಮೊದಲೇ ಒಮ್ಮೆ ನಿಲ್ಲಬೇಕಾಗುತ್ತದೆ. ಮುಂದೆ ಬಹುಶಃ ಇನ್ನೊಮ್ಮೆ. ಕೇಂದ್ರದಲ್ಲಿ ಬೇರೊಂದು ಕಾರು ನಿಂತಿದ್ದರೆ, ಇಲ್ಲವೆ ಯಂತ್ರವೇ ಕೆಟ್ಟಿದ್ದರೆ, ಕಾಯಬೇಕು ಅಥವಾ ಬೇರೆ ಕೇಂದ್ರವನ್ನು ಅರಸಬೇಕು. ಬೇರೆ ದಿನಗಳಲ್ಲಿ ಮುಕ್ಕಾಲು ಗಂಟೆ ವಿಶ್ರಾಂತಿಯೆನಿಸುತ್ತದೆ. ಅಂತಹ ರಾತ್ರಿಯಲ್ಲಿ ಅದೇ ಮುಕ್ಕಾಲು ಗಂಟೆ ಯುಗವಾಗುತ್ತದೆ. ಪೆಟ್ರೋಲ್ ಕಾರಿಗೆ ಈ ತೊಂದರೆಯಿಲ್ಲ. ನಾಲ್ಕೈದು ನಿಮಿಷಗಳಲ್ಲಿ ಅದರ ಟ್ಯಾಂಕು ತುಂಬುತ್ತದೆ. ಈ ಸತ್ಯವನ್ನು ಮುಚ್ಚಿಟ್ಟು ವಿದ್ಯುತ್ ಕಾರನ್ನು ಹೊಗಳುವುದು ನ್ಯಾಯವಲ್ಲ.

ಆದರೆ ಈ ತೊಂದರೆ ಕಾರಿಗಿಂತ ಹೆಚ್ಚಾಗಿ ದಾರಿಗೆ ಸೇರಿದ್ದು. ಯೂರೋಪಿನ ನಾರ್ವೆ ದೇಶವನ್ನು ನೋಡಿ. ಅದು ಬೆಟ್ಟಗುಡ್ಡಗಳ ನಾಡು. ಬ್ಯಾಟರಿಯ ಬಲವನ್ನು ಕುಗ್ಗಿಸುವ ಕೊರೆಯುವ ಚಳಿಯೂ ಅಲ್ಲುಂಟು. ಹೀಗಿದ್ದರೂ 2024ರಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ ಕಾರುಗಳೇ ಆಗಿದ್ದುವು. ಸರ್ಕಾರದ ತೆರಿಗೆ ರಿಯಾಯಿತಿಯ ಜೊತೆಗೆ, ಹೆದ್ದಾರಿಯುದ್ದಕ್ಕೂ ಸಾಲಾಗಿ ನಿಂತಿರುವ ಚಾರ್ಜಿಂಗ್ ಕೇಂದ್ರಗಳು ಇದಕ್ಕೆ ಮುಖ್ಯ ಕಾರಣ. ನಮ್ಮ ದೇಶದಲ್ಲಿ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ಮೊದಲು ರೂಪಿಸಿದ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಅಂದಿನಿಂದ ಕೇಂದ್ರಗಳು ಹೆಚ್ಚುತ್ತ ಬಂದಿವೆ. ಆದರೆ ಕೇಂದ್ರವನ್ನು ಸ್ಥಾಪಿಸಿದರಷ್ಟೇ ಸಾಲದು. ಅದು ಸದಾ ಸುಸ್ಥಿತಿಯಲ್ಲಿರಬೇಕು.

ಹಾಗಾದರೆ ಮನೆಯ ಹಿರಿಯರ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? ಮರುಪ್ರಶ್ನೆಗಳಿಂದಲೇ ಉತ್ತರಿಸಬೇಕು. ವರ್ಷದ ಎಷ್ಟು ದಿನ ಓಡಾಟ ಊರೊಳಗೆ, ಎಷ್ಟು ದಿನ ದೂರಕ್ಕೆ? ಹೋಗುವ ದಾರಿ ಯಾವುದು, ಅಲ್ಲಿ ಚಾರ್ಜಿಂಗ್ ಕೇಂದ್ರಗಳೆಷ್ಟು? ಮನೆಯಲ್ಲಿ ರಾತ್ರಿ ಕಾರನ್ನು ಚಾರ್ಜ್ ಮಾಡಲು ಅನುಕೂಲವುಂಟೇ? ವರ್ಷಕ್ಕೆ ಮೂರು ನಾಲ್ಕು ಸಲ, ಮೊದಲೇ ಗೊತ್ತುಮಾಡಿಕೊಂಡು ಊರಿಗೆ ಹೋಗುವ ಕುಟುಂಬಕ್ಕೆ ವಿದ್ಯುತ್ ಕಾರು ಎರಡಕ್ಕೂ ಆದೀತು. ವಾರವಾರವೂ ಹೊತ್ತುಗೊತ್ತಿಲ್ಲದೆ ನೂರಾರು ಕಿಲೋಮೀಟರ್ ಓಡಬೇಕಾದವರು, ದಾರಿ ಸಿದ್ಧವಾಗುವವರೆಗೆ ತಾಳುವುದು ವಿವೇಕ. ಬೆರ್ಥಾ ಬೆಂಜ್ ಔಷಧದ ಅಂಗಡಿಯ ಮುಂದೆ ನಿಂತ ದಿನ ಪೆಟ್ರೋಲ್ ಕಾರೂ ದೂರದ ದಾರಿಗೆ ತಕ್ಕದ್ದಾಗಿರಲಿಲ್ಲ. ಅದನ್ನು ತಕ್ಕದ್ದಾಗಿ ಮಾಡಿದವರು ಕಾರನ್ನು ಕಟ್ಟಿದವರು ಮಾತ್ರವಲ್ಲ, ದಾರಿಯನ್ನು ಸಜ್ಜುಗೊಳಿಸಿದವರು ಕೂಡ.