ಮೇಲ್ಬರಹವನ್ನೋದಿ ದಾರಿ ತೋರುವ ಯಂತ್ರ

ಪರೀಕ್ಷೆಯ ಫಲಿತಾಂಶವು ಜಾಲತಾಣದಲ್ಲಿ ಪ್ರಕಟವಾಗುವ ದಿನ ಸಾವಿರಾರು ಮನೆಗಳಲ್ಲಿ ಏಕಕಾಲಕ್ಕೆ ಒಂದೇ ಪುಟವನ್ನು ತೆರೆಯುವ ಪ್ರಯತ್ನ ನಡೆಯುತ್ತದೆ. ಅಷ್ಟು ಕೋರಿಕೆಗಳನ್ನು ಪೂರೈಸುವ ಶಕ್ತಿ ಒಂದೇ ಸರ್ವರಿಗೆ ಇರುವುದಿಲ್ಲ. ಆದ್ದರಿಂದ ಹಲವು ಸರ್ವರುಗಳನ್ನು ಸಾಲಾಗಿ ನಿಲ್ಲಿಸಿ, ಬಂದ ಕೋರಿಕೆಗಳನ್ನು ಅವುಗಳಿಗೆ ಹಂಚುವ ಒಂದು ಸಾಧನವನ್ನು ಮುಂದೆ ಇಡುವುದು ರೂಢಿ. ಇದಕ್ಕೆ ಲೋಡ್ ಬ್ಯಾಲೆನ್ಸರ್, ಅಂದರೆ ಹೊರೆಯನ್ನು ಸರಿದೂಗಿಸುವ ಸಾಧನ ಎಂದು ಹೆಸರು. ಈ ಸಾಧನವು ಯಾವ ಕೋರಿಕೆಯನ್ನು ಯಾವ ಸರ್ವರಿಗೆ ಕಳುಹಿಸಬೇಕೆಂಬುದನ್ನು ಹೇಗೆ ನಿರ್ಧರಿಸುತ್ತದೆ ಎಂಬುದೇ ಈ ಲೇಖನದ ವಿಷಯ.

ಸರಳವಾದ ವಿಧಾನವೆಂದರೆ ಸರದಿಯ ಪ್ರಕಾರ ಹಂಚುವುದು. ಮೊದಲನೆಯ ಕೋರಿಕೆ ಮೊದಲನೆಯ ಸರ್ವರಿಗೆ, ಎರಡನೆಯದು ಎರಡನೆಯದಕ್ಕೆ. ಇದಕ್ಕೆ ಕೋರಿಕೆಯಲ್ಲಿ ಏನು ಬರೆದಿದೆಯೆಂದು ನೋಡುವ ಅಗತ್ಯವಿಲ್ಲ. ಆದರೆ ಎಲ್ಲ ಸರ್ವರುಗಳೂ ಒಂದೇ ಕೆಲಸ ಮಾಡದೆ, ಕೆಲವು ಚಿತ್ರಗಳನ್ನೂ ಕೆಲವು ಕನ್ನಡ ಪುಟಗಳನ್ನೂ ಇನ್ನು ಕೆಲವು ಹೊಸದಾಗಿ ಸಿದ್ಧಪಡಿಸಿದ ಆವೃತ್ತಿಯನ್ನೂ ಒದಗಿಸುತ್ತಿದ್ದರೆ ಸರದಿಯ ಹಂಚಿಕೆ ಸಾಲದು. ಆಗ ಕೋರಿಕೆಯನ್ನು ಓದಿಯೇ ದಾರಿ ತೋರಬೇಕಾಗುತ್ತದೆ.

ಅಂಚೆ ಕಚೇರಿಯ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕಾಗದಗಳನ್ನು ಬೇರ್ಪಡಿಸುವ ನೌಕರನು ಲಕೋಟೆಯ ಮೇಲಿನ ಬರಹವನ್ನಷ್ಟೇ ನೋಡುತ್ತಾನೆ. ಒಳಗಿನ ಪತ್ರವನ್ನು ಓದುವುದಿಲ್ಲ. ಬ್ರೌಸರು ಕಳುಹಿಸುವ ಪ್ರತಿಯೊಂದು ಕೋರಿಕೆಗೂ ಇಂತಹ ಮೇಲ್ಬರಹವಿರುತ್ತದೆ. ಅದರ ಒಂದೊಂದು ಸಾಲಿಗೂ ಹೆಡರ್ ಎಂದು ಹೆಸರು. ಪ್ರತಿ ಸಾಲಿನಲ್ಲಿ ಮೊದಲು ಒಂದು ಹೆಸರು, ಬಳಿಕ ವಿವರಣಾ ಚಿಹ್ನೆ, ಅನಂತರ ಅದರ ಮೌಲ್ಯ ಇರುತ್ತವೆ. 'ಹೋಸ್ಟ್' ಎಂಬ ಹೆಡರು ಯಾವ ಜಾಲತಾಣ ಬೇಕೆಂಬುದನ್ನು ಹೇಳುತ್ತದೆ. 'ಯೂಸರ್-ಏಜೆಂಟ್' ಎಂಬುದು ಯಾವ ಬ್ರೌಸರೆಂಬುದನ್ನೂ, 'ಆಕ್ಸೆಪ್ಟ್-ಲ್ಯಾಂಗ್ವೇಜ್' ಎಂಬುದು ಓದುಗನು ಬಯಸುವ ಭಾಷೆಯನ್ನೂ ತಿಳಿಸುತ್ತವೆ.

ಈ ವ್ಯವಸ್ಥೆ ಒಮ್ಮೆಲೇ ರೂಪುಗೊಂಡದ್ದಲ್ಲ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ವಿವರಿಸಿದ ಮೊದಲ ಎಚ್‌ಟಿಟಿಪಿ ಪದ್ಧತಿಯಲ್ಲಿ ಕೋರಿಕೆಯೆಂದರೆ ಒಂದೇ ಸಾಲು, ಹೆಡರುಗಳೇ ಇರಲಿಲ್ಲ. 1996ರಲ್ಲಿ ದಾಖಲಾದ 1.0 ಆವೃತ್ತಿಯಲ್ಲಿ ಹೆಡರುಗಳು ಕಾಣಿಸಿಕೊಂಡವು. 1997ರ 1.1 ಆವೃತ್ತಿಯು ಪ್ರತಿ ಕೋರಿಕೆಯಲ್ಲಿಯೂ 'ಹೋಸ್ಟ್' ಹೆಡರು ಇರಲೇಬೇಕೆಂದು ವಿಧಿಸಿತು. ಇದರಿಂದಾಗಿ ಒಂದೇ ವಿಳಾಸಸಂಖ್ಯೆಯ ಹಿಂದೆ ಅನೇಕ ಜಾಲತಾಣಗಳನ್ನು ನಡೆಸುವುದು ಸುಲಭವಾಯಿತು.

ಲೋಡ್ ಬ್ಯಾಲೆನ್ಸರಿನ ನಿಯಮವೊಂದರಲ್ಲಿ ಎರಡು ಭಾಗಗಳಿರುತ್ತವೆ: ಒಂದು ಷರತ್ತು, ಇನ್ನೊಂದು ಕ್ರಮ. 'ಇಂಥ ಹೆಡರಿನಲ್ಲಿ ಇಂಥ ಮೌಲ್ಯವಿದ್ದರೆ' ಎಂಬುದು ಷರತ್ತು. 'ಇಂಥ ಗುಂಪಿನ ಸರ್ವರುಗಳಿಗೆ ಕಳುಹಿಸು' ಎಂಬುದು ಕ್ರಮ. ನಿಯಮಗಳನ್ನು ಒಂದಾದ ಮೇಲೊಂದರಂತೆ ಪರಿಶೀಲಿಸಿ, ಮೊದಲು ಹೊಂದಿಕೆಯಾದುದನ್ನು ಜಾರಿಗೆ ತರಲಾಗುತ್ತದೆ. ಪ್ರಸಿದ್ಧವಾದ ಎಚ್‌ಎ-ಪ್ರಾಕ್ಸಿ ತಂತ್ರಾಂಶದಲ್ಲಿ ಸರ್ವರ್ ಗುಂಪನ್ನು ಆರಿಸುವ ನಿಯಮಗಳು ಬರೆದ ಅನುಕ್ರಮದಲ್ಲಿಯೇ ಪರಿಶೀಲನೆಗೊಳ್ಳುತ್ತವೆ. ಅಮೆಜಾನ್ ಸಂಸ್ಥೆಯ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರಿನಲ್ಲಿ ಪ್ರತಿ ನಿಯಮಕ್ಕೂ 1ರಿಂದ 50,000ದವರೆಗಿನ ಒಂದು ಆದ್ಯತಾ ಸಂಖ್ಯೆಯನ್ನು ಕೊಡಬೇಕು. ಚಿಕ್ಕ ಸಂಖ್ಯೆಯ ನಿಯಮ ಮೊದಲು. 2019ರಿಂದ ಅದರಲ್ಲಿ ಯಾವುದೇ ಹೆಡರನ್ನು ಷರತ್ತಾಗಿ ಬಳಸಬಹುದಾಗಿದೆ. ಯಾವ ನಿಯಮಕ್ಕೂ ಹೊಂದದ ಕೋರಿಕೆ ಕೊನೆಯ ಸಾಮಾನ್ಯ ನಿಯಮದ ಪಾಲಾಗುತ್ತದೆ.

ಇಲ್ಲಿ ಅನುಕ್ರಮವೇ ಮುಖ್ಯ. ಎಲ್ಲ ಕೋರಿಕೆಗಳಿಗೂ ಅನ್ವಯಿಸುವ ವಿಶಾಲವಾದ ನಿಯಮವನ್ನು ಮೊದಲು ಬರೆದು, ವಿಶೇಷವಾದುದನ್ನು ಅದರ ಕೆಳಗೆ ಬರೆದರೆ, ಕೆಳಗಿನ ನಿಯಮಕ್ಕೆ ಸರದಿಯೇ ಬರುವುದಿಲ್ಲ. ಯಂತ್ರವು ಇದನ್ನು ತಪ್ಪೆಂದು ಹೇಳುವುದೂ ಇಲ್ಲ. ಆದ್ದರಿಂದ ವಿಶೇಷವು ಮೊದಲು, ಸಾಮಾನ್ಯವು ಅನಂತರ ಎಂಬುದನ್ನು ಪಾಲಿಸಬೇಕು.

ಹೋಲಿಕೆಯ ವಿಧಾನವೂ ಅಷ್ಟೇ ಎಚ್ಚರವನ್ನು ಬೇಡುತ್ತದೆ. ಕನ್ನಡ ಭಾಷೆಗೆ ಅಂತರರಾಷ್ಟ್ರೀಯ ಸಂಕೇತ 'ಕೆಎನ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಭಾಷೆಯ ಹೆಡರಿನಲ್ಲಿ ಈ ಅಕ್ಷರಗಳು ಎಲ್ಲಿದ್ದರೂ ಸರಿ, ಕನ್ನಡ ಪುಟಕ್ಕೆ ಕಳುಹಿಸು ಎಂದು ನಿಯಮ ಬರೆದರೆಂದುಕೊಳ್ಳೋಣ. ಆದರೆ ಆ ಹೆಡರಿನಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳಿರಬಹುದು; ಪ್ರತಿಯೊಂದಕ್ಕೂ 0ಯಿಂದ 1ರವರೆಗೆ ತೂಕವನ್ನು ಸೂಚಿಸಬಹುದು. ತೂಕ ಹೇಳದಿದ್ದರೆ ಅದು 1 ಎಂದೇ ಅರ್ಥ. ಇಂಗ್ಲಿಷಿಗೆ 1, ಕನ್ನಡಕ್ಕೆ 0.8 ಎಂದು ಸೂಚಿಸಿದ ಓದುಗನಿಗೂ ಮೇಲಿನ ನಿಯಮ ಕನ್ನಡ ಪುಟವನ್ನೇ ತೋರಿಸುತ್ತದೆ. ಹೆಡರು 'ಕೆಎನ್' ಎಂದೇ ಆರಂಭವಾಗಬೇಕೆಂದು ಬರೆದರೆ ಬಹುಪಾಲು ಸರಿಹೋಗುತ್ತದೆ. ಆದರೂ ತೂಕದ ಲೆಕ್ಕ ಅದಕ್ಕೆ ತಿಳಿಯದು. ಇಂತಹ ಸೂಕ್ಷ್ಮ ನಿರ್ಣಯವನ್ನು ಹಿಂದಿರುವ ಸರ್ವರಿಗೇ ಬಿಡುವುದು ಲೇಸು.

'ಹೋಸ್ಟ್' ಹೆಡರಿನ ಹೋಲಿಕೆಯಲ್ಲಿಯೂ ಇಂತಹ ತೊಡಕುಗಳುಂಟು. ಕೆಲವೊಮ್ಮೆ ತಾಣದ ಹೆಸರಿನ ಮುಂದೆ ಪೋರ್ಟ್ ಸಂಖ್ಯೆಯೂ ಸೇರಿರುತ್ತದೆ. ಆಗ ಅಕ್ಷರಶಃ ಹೋಲಿಸುವ ನಿಯಮ ಹೊಂದದೆ ಹೋಗಬಹುದು. ಹೆಡರಿನ ಹೆಸರುಗಳಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳ ಭೇದವಿಲ್ಲ. ಆದರೆ ಮೌಲ್ಯಗಳ ವಿಷಯದಲ್ಲಿ ಭೇದವನ್ನು ಎಣಿಸಬೇಕೇ ಬೇಡವೇ ಎಂಬುದು ಆಯಾ ತಂತ್ರಾಂಶವನ್ನೂ ನಿಯಮವನ್ನೂ ಅವಲಂಬಿಸಿದೆ. ಕಾಗುಣಿತವೂ ಕೈಕೊಡಬಹುದು. ಓದುಗನು ಯಾವ ಪುಟದಿಂದ ಬಂದನೆಂದು ತಿಳಿಸುವ 'ರೆಫರರ್' ಹೆಡರಿನ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿ, ಆ ತಪ್ಪೇ 1996ರ ದಾಖಲೆಯಲ್ಲಿ ನೆಲೆನಿಂತಿತು. ನಿಘಂಟನ್ನು ನೋಡಿ ಸರಿಯಾದ ಕಾಗುಣಿತ ಬರೆದವನ ನಿಯಮ ಕೆಲಸ ಮಾಡದು!

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಹೆಡರನ್ನು ಬರೆಯುವವನು ಕೋರಿಕೆ ಕಳುಹಿಸುವವನೇ. ಲಕೋಟೆಯ ಮೇಲೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆಯಬಹುದಷ್ಟೆ. 'ಇಂಥ ಹೆಡರಿದ್ದರೆ ಇವನು ಆಡಳಿತಾಧಿಕಾರಿ, ಒಳಗೆ ಬಿಡು' ಎಂದು ನಿಯಮ ಮಾಡಿದರೆ, ಆ ಹೆಡರನ್ನು ತಿಳಿದ ಯಾವನಾದರೂ ಅದನ್ನು ತಾನೇ ಸೇರಿಸಿ ಅಂಕಪಟ್ಟಿಗಳಿರುವ ಕೋಣೆಯವರೆಗೂ ಹೋಗಬಹುದು. ಕಳುಹಿಸಿದವನ ವಿಳಾಸಸಂಖ್ಯೆಯನ್ನು ಹೊತ್ತ 'ಎಕ್ಸ್-ಫಾರ್ವರ್ಡೆಡ್-ಫಾರ್' ಹೆಡರಿನ ಸ್ಥಿತಿಯೂ ಇದೇ. ಅದರಲ್ಲಿ ನಂಬಿಕೆಯ ಬ್ಯಾಲೆನ್ಸರು ಸೇರಿಸಿದ ಭಾಗವಷ್ಟೇ ವಿಶ್ವಾಸಾರ್ಹ. ಆದ್ದರಿಂದ ಹೊರಗಿನಿಂದ ಬಂದ ಇಂತಹ ಹೆಡರುಗಳನ್ನು ಬಾಗಿಲಲ್ಲಿಯೇ ಅಳಿಸಿ, ಬೇಕಾದುದನ್ನು ಬ್ಯಾಲೆನ್ಸರೇ ಹೊಸದಾಗಿ ಬರೆಯುವಂತೆ ಏರ್ಪಡಿಸಬೇಕು. ಹೆಡರು ದಾರಿ ತೋರಲು ಸಾಕು. ಗುರುತಿಗೆ ಸಾಕ್ಷಿಯಾಗಲು ಸಾಲದು.

ಮೇಲ್ಬರಹವನ್ನು ಓದಬೇಕಾದರೆ ಲಕೋಟೆ ಕಣ್ಣಿಗೆ ಕಾಣಬೇಕು. ಇಂದು ಬಹುತೇಕ ಕೋರಿಕೆಗಳು ಗೂಢಲಿಪಿಯಲ್ಲಿ ಪಯಣಿಸುವುದರಿಂದ ಹೆಡರುಗಳೂ ಮರೆಯಾಗಿರುತ್ತವೆ. ಅವುಗಳನ್ನು ನೋಡಲು ಬ್ಯಾಲೆನ್ಸರಿನಲ್ಲಿಯೇ ಗೂಢಲಿಪಿಯನ್ನು ಬಿಡಿಸಬೇಕು. ಆ ಕೀಲಿಯನ್ನು ಕಾಪಾಡುವ ಹೊಣೆಯೂ ಆಗ ಅಲ್ಲಿಗೇ ಸೇರುತ್ತದೆ.

ನಿಯಮವನ್ನು ಬರೆದ ಬಳಿಕ ಪರೀಕ್ಷಿಸದೆ ಬಳಕೆಗೆ ತರಬಾರದು. ಹೆಡರು ಇರುವ ಕೋರಿಕೆ, ಇಲ್ಲದ ಕೋರಿಕೆ, ತಪ್ಪು ಮೌಲ್ಯದ ಕೋರಿಕೆ, ಈ ಮೂರನ್ನೂ ಕಳುಹಿಸಿ, ಪ್ರತಿಯೊಂದೂ ಎಲ್ಲಿ ತಲುಪಿತೆಂಬುದನ್ನು ದಾಖಲೆಯಲ್ಲಿ ನೋಡಬೇಕು. ಯಂತ್ರವು ಬರೆದುದನ್ನು ಮಾಡುತ್ತದೆಯೇ ಹೊರತು ಬರೆದವನ ಮನಸ್ಸಿನಲ್ಲಿದ್ದುದನ್ನಲ್ಲ. ಫಲಿತಾಂಶದ ದಿನ ದೂರದ ಹಳ್ಳಿಯ ವಿದ್ಯಾರ್ಥಿಯೊಬ್ಬನಿಗೆ ತನ್ನ ಪುಟ ಸಕಾಲಕ್ಕೆ ತೆರೆದುಕೊಳ್ಳುವುದು ಈ ನಾಲ್ಕಾರು ಸಾಲುಗಳನ್ನು ಒಬ್ಬರು ಎಚ್ಚರದಿಂದ ಬರೆದುದರ ಫಲವೂ ಹೌದು.