ನಾಯಿ ಸಾಕಿದರೆ ಏನು ಲಾಭ?

ಹಸು ಸಾಕಿದರೆ ಹಾಲು, ಕುರಿ ಸಾಕಿದರೆ ಮರಿ, ಕೋಳಿ ಸಾಕಿದರೆ ಮೊಟ್ಟೆ. ನಾಯಿ ಸಾಕಿದರೆ ಏನು ಲಾಭ? ಅರಳಿಕಟ್ಟೆ ಮೇಲೆ ಕೂತಿದ್ದಾಗ ಹಿರಿಯರೊಬ್ಬರು ಕೇಳಿದರು. 'ನಗು' ಅಂದೆ. ಕೂತವರೆಲ್ಲ ನಕ್ಕರು. ಲಾಭ ಅಲ್ಲೇ ಬಂತಲ್ಲ!

ನಮ್ಮದು ಚಳ್ಳಕೆರೆ ತಾಲೂಕಿನ ಕೆಂಪು ನೆಲ. ಐದೆಕರೆ ಖುಷ್ಕಿ. ಶೇಂಗಾ, ನಡುನಡುವೆ ತೊಗರಿ ಸಾಲು. ನಾಯಿಯ ಹೆಸರು ಕೆಂಚ. ವಯಸ್ಸು ಆರು. ಮುಧೋಳದ ನಾಯಿಯಂತೆ ಜಾತಿವಂತ ಅಲ್ಲ, ಊರಲ್ಲೇ ಹುಟ್ಟಿದ ನಾಟಿ.

ಶೇಂಗಾ ತಿನ್ನೋ ಕಾವಲುಗಾರ

ಶೇಂಗಾ ಕಿತ್ತು ಕಣಕ್ಕೆ ಹಾಕಿದರೆ ಕಾವಲು ಅವನದೇ. ಕಾಗೆ ಬಂದರೆ ಓಡಿಸ್ತಾನೆ. ನವಿಲು ಬಂದರೆ ಬದುವಿನ ತನಕ ಅಟ್ಟಿಸಿಕೊಂಡು ಹೋಗ್ತಾನೆ. ವಾಪಸ್ ಬಂದವನು ಸುತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ತಾನೇ ಒಂದು ಕಾಯಿ ಎತ್ತಿಕೊಳ್ತಾನೆ. ಮುಂಗಾಲಲ್ಲಿ ಒತ್ತಿ ಹಿಡಿದು, ಸಿಪ್ಪೆ ಒಡೆದು ಬೀಜ ಮಾತ್ರ ತಿಂತಾನೆ. 'ಅಣ್ಣಾ, ಕೆಂಚನಿಗೂ ಕಾಯಿ ಬಿಡಿಸೋ ಕೂಲಿ ಕೊಡ್ರಿ' ಅಂತ ಕೆಲಸದ ಹೆಣ್ಣುಮಕ್ಕಳು ನಗ್ತಾರೆ.

ರಾತ್ರಿ ಕಾಡುಹಂದಿ ಕಾಯೋಕೆ ಹೊಲದ ಗುಡಿಸಲಲ್ಲಿ ಮಲಗ್ತೀನಿ. ಹಂದಿ ವಾಸನೆ ಮೊದಲು ಸಿಗೋದು ಅವನಿಗೆ. ಎದ್ದು ಭಾರೀ ಶೂರನಂತೆ ಬೊಗಳ್ತಾನೆ, ಆದರೆ ನನ್ನ ಎರಡು ಕಾಲಿನ ನಡುವೆ ನಿಂತು! ಅದೇ ಒಳ್ಳೇದು. ಒಂಟಿ ನಾಯಿ ಹಂದಿ ಮೇಲೆ ಬಿದ್ದರೆ ಕೋರೆಯಿಂದ ಹೊಟ್ಟೆ ಸೀಳಿಬಿಡ್ತದೆ. ಎಬ್ಬಿಸೋದು ಅವನ ಕೆಲಸ, ಡಬ್ಬ ಬಡಿಯೋದು ನನ್ನ ಕೆಲಸ.

ಬರಗಾಲದಲ್ಲಿ

2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ವರ್ಷ ರಾಜ್ಯದ 223 ತಾಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಶೇಂಗಾ ಹೂವಲ್ಲೇ ಬಾಡಿತು, ಕಾಯಿ ಕಟ್ಟಲಿಲ್ಲ. ಬಿತ್ತಿದ ಬೀಜದಷ್ಟೂ ಕೈಗೆ ಬರಲಿಲ್ಲ. ಮಗ ಬೆಂಗಳೂರಿಗೆ ಕೂಲಿಗೆ ಹೋದ. ಮನೆಯಲ್ಲಿ ಮಾತೇ ನಿಂತಿತ್ತು. ಉಣ್ಣೋಕೆ ಕೂತರೂ ನಾನು ಗೋಡೆ ನೋಡ್ತಿದ್ದೆ.

ಒಂದು ಸಂಜೆ ಕೆಂಚ ತಿಪ್ಪೆಯಿಂದ ನನ್ನ ಹಳೇ ಮೆಟ್ಟು ಕಚ್ಚಿಕೊಂಡು ಬಂದ. ಅವ್ವನ ಮುಂದೆ ಇಟ್ಟು ಬಾಲ ಆಡಿಸಿದ. 'ಹೊಲ ಕೊಡದಿದ್ರೂ ಇವನಾದ್ರೂ ದುಡಿದು ತಂದ ನೋಡು' ಅಂದಳು ಅವ್ವ. ಮನೆಯವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು. ನನಗೂ ತಡೆಯೋಕಾಗಲಿಲ್ಲ. ಎಷ್ಟೋ ದಿನದ ಮೇಲೆ ಮನೆಯಲ್ಲಿ ನಗು ಕೇಳಿತು. ಸಾಲ ಕಡಿಮೆ ಆಗಲಿಲ್ಲ ನಿಜ. ಆದರೆ ಯಾರಿಗೆ ಎಷ್ಟು ಕೊಡಬೇಕು, ಯಾವುದು ಮೊದಲು ಅನ್ನೋದನ್ನ ಆ ರಾತ್ರಿ ಮೂವರೂ ಕೂತು ಬಾಯಿಬಿಟ್ಟು ಮಾತಾಡಿದೆವು. ಒಬ್ಬನೇ ಹೊತ್ತಿದ್ದ ಭಾರ ಹಗುರಾಯಿತು.

ಸಾಕೋರಿಗೆ ನಾಲ್ಕು ಮಾತು

ಮರಿಗೆ ಮೂರು ತಿಂಗಳು ತುಂಬುತ್ತಲೇ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ತಪ್ಪಿಸಬೇಡಿ.

ಮರಿ ಕಚ್ಚಿದರೂ, ಪರಚಿದರೂ ಸುಮ್ಮನಿರಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಹೇಳಿದಷ್ಟೂ ಚುಚ್ಚುಮದ್ದು ಪೂರ್ತಿ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಮೆತ್ತಬೇಡಿ. ರೋಗ ಕಾಣಿಸಿಕೊಂಡ ಮೇಲೆ ಬದುಕೋದು ಇಲ್ಲವೆಂದೇ ಲೆಕ್ಕ.

ನಮ್ಮ ಕಡೆ ಈರುಳ್ಳಿ ಬೆಳೆ ಹೆಚ್ಚು. ನಾಯಿಗೆ ಈರುಳ್ಳಿ, ಬೆಳ್ಳುಳ್ಳಿ ಆಗಿಬರೋದಿಲ್ಲ, ರಕ್ತ ಕೆಡ್ತದೆ. ಸಾರು ಬೇಡ. ಕೆಂಚನಿಗೆ ರಾಗಿಮುದ್ದೆ, ಮಜ್ಜಿಗೆ. ಎಂದಾದರೂ ಒಂದು ಮೊಟ್ಟೆ.

ನಾಯಿ ನಮ್ಮಂತೆ ಮೈಯೆಲ್ಲ ಬೆವರೋದಿಲ್ಲ. ನಾಲಿಗೆ ಚಾಚಿ ತೇಕಿ ತಂಪು ಮಾಡ್ಕೊಳ್ತದೆ. ಬೇಸಿಗೆಯಲ್ಲಿ ನೆರಳು, ಒಂದು ಬೋಗುಣಿ ನೀರು ಇಡಿ.

ನಾಟಿ ಮರಿಗೆ ದುಡ್ಡು ಕೊಡಬೇಕಿಲ್ಲ, ಊರೂರಲ್ಲಿ ಸಿಗ್ತದೆ. ತಾಯಿ ಹಾಲು ಬಿಟ್ಟ ಮೇಲೆ ತನ್ನಿ. ಮೆಟ್ಟು ಮಾತ್ರ ಎತ್ತರದಲ್ಲಿ ಇಡಿ.